ಅಟ್ಟದ ಮೇಲಿನ ಪ್ಲೇಟು, ಟ್ರಂಕಿನ ನೋಟ್‌ಬುಕ್ಕು: ಮೊದಲು ಯಾವುದಕ್ಕೆ ಕೈಹಾಕಬೇಕು?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ನಮ್ಮ ತಾತ ಸುತ್ತಲ ಊರುಗಳಲ್ಲಿ ಡ್ರಾಮಾ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಅವರು ಹೋದ ಮೇಲೆ ಅಟ್ಟದಲ್ಲಿ ಕೊಬ್ಬರಿ ರಾಶಿಯ ಪಕ್ಕದ ಟ್ರಂಕಿನಲ್ಲಿ 34 ಗ್ರಾಮಫೋನ್ ಪ್ಲೇಟು, 25 ಕ್ಯಾಸೆಟ್ಟು, ಏಳೆಂಟು ನಾಟಕದ ಪುಸ್ತಕ, ಅವರ ಕೈಬರಹದ ಎರಡು ನೋಟ್‌ಬುಕ್ಕು ಸಿಕ್ಕವು. ನಾನು ತುಮಕೂರಿನಲ್ಲಿ ಕೆಲಸದಲ್ಲಿದ್ದೇನೆ. ಸಂಗೀತ ಕಲಿತವನಲ್ಲ, ಆದರೂ ಈ ಹಾಡುಗಳನ್ನು ಸರಿಯಾಗಿ ಕೇಳಬೇಕೆಂಬ ಆಸೆ. ಸೂಟ್‌ಕೇಸ್ ಥರದ ಪ್ಲೇಯರ್ ತರಿಸಿದೆ; ಹಾಡಿಗಿಂತ ಗರಗರವೇ ಜಾಸ್ತಿ, ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಒಂದು ಪ್ಲೇಟನ್ನು ಸ್ಪಿರಿಟ್ ಹಾಕಿ ಒರೆಸಿದೆ, ಹೊಳಪೇ ಹೋಯಿತು. ಪುಸ್ತಕ ತೆರೆದರೆ ಹಾಡುಗಳ ಮೇಲೆಲ್ಲ ‘ಮಟ್ಟು’ ಎಂದು ಯಾವುದೋ ಮರಾಠಿ, ಹಿಂದಿ ಸಾಲು. ಯೂಟ್ಯೂಬಿನಲ್ಲಿ ಅದೇ ಹಾಡು ಬೇರೆ ರಾಗದಲ್ಲಿದೆ. ಊರಿನ ಹಿರಿಯರು ‘ನಾಟಕ ಅಂದ್ರೆ ರಾತ್ರಿ ಕೂತು ನೋಡೋದು ಕಣಪ್ಪ, ಫೋನಲ್ಲಿ ಕೇಳೋದಲ್ಲ’ ಅನ್ನುತ್ತಾರೆ. ಒಬ್ಬರು ಪ್ಲೇಟುಗಳನ್ನೆಲ್ಲ ಒಟ್ಟಿಗೆ ಕೊಂಡುಕೊಳ್ಳಲು ಬಂದಿದ್ದಾರೆ. ಕೊಟ್ಟುಬಿಡಲೇ? ಇಟ್ಟುಕೊಂಡರೆ ಏನು ಮಾಡಲಿ?

ಉತ್ತರ: ಈಗಲೇ ಕೊಡಬೇಡಿ. ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಕೊಡುವುದೋ ಬಿಡುವುದೋ ನಿಮ್ಮ ಇಷ್ಟ. ಪ್ಲೇಟು ಕೊಳ್ಳಲು ಬಂದವರು ನೋಟ್‌ಬುಕ್ಕನ್ನೂ ಸೇರಿಸಿ ಕೇಳಿದರೆ ಮಾತ್ರ ಬಾಗಿಲು ಹಾಕಿಕೊಳ್ಳಿ.

ನಿಮ್ಮ ಪತ್ರದಲ್ಲಿ ಪ್ಲೇಟಿನ ಚಿಂತೆ ಬಹಳ, ನೋಟ್‌ಬುಕ್ಕಿಗೆ ಸಿಕ್ಕಿರುವುದು ನಾಲ್ಕು ಪದ. ನನ್ನ ಲೆಕ್ಕ ತಿರುಗುಮುರುಗು. ಪ್ಲೇಟು ಕಾರ್ಖಾನೆಯಲ್ಲಿ ಅಚ್ಚಾಗಿ ಬಂದ ಮಾಲು. ನಿಮ್ಮದು ಒಡೆದರೂ ಅದರ ಜೋಡಿ ಎಲ್ಲೋ ಒಬ್ಬ ಸಂಗ್ರಾಹಕರ ಮನೆಯಲ್ಲಿ ಇರಬಹುದು. ಮೇಷ್ಟ್ರ ಕೈಬರಹಕ್ಕೆ ಎರಡನೇ ಪ್ರತಿ ಇಲ್ಲ. ನಾಟಕದ ಪುಸ್ತಕದಲ್ಲಿ ಮಾತಿದೆ, ಧಾಟಿ ಇಲ್ಲ. ಪ್ಲೇಟಿನಲ್ಲಿ ಧಾಟಿ ಇದೆ, ಆದರೆ ದೃಶ್ಯದಿಂದ ಕಿತ್ತು ತಂದ ಮೂರು ನಿಮಿಷ. ಇವೆರಡನ್ನೂ ಹೊಲಿಯುವ ದಾರ ಡ್ರಾಮಾ ಮೇಷ್ಟ್ರ ನೋಟ್‌ಬುಕ್ಕು. ಯಾವ ಹಾಡು ಯಾವ ಶ್ರುತಿಗೆ, ಯಾವ ಮಾತು ಮುಗಿದ ಕೂಡಲೇ ಹಾರ್ಮೋನಿಯಂ ಎತ್ತಬೇಕು, ಯಾವ ಚರಣ ಬಿಡಬೇಕು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಆದ್ದರಿಂದ ಈ ಭಾನುವಾರದ ಮೊದಲ ಕೆಲಸ ಅದರ ಪ್ರತಿ ಪುಟದ ಫೋಟೋ. ಹಗಲಿನಲ್ಲಿ, ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ, ಫ್ಲ್ಯಾಶ್ ಇಲ್ಲದೆ, ಫೋನನ್ನು ಪುಟದ ನೇರ ಮೇಲೆ ಹಿಡಿದು ತೆಗೆಯಿರಿ. ಖಾಲಿ ಪುಟ, ರಟ್ಟು, ನಡುವೆ ಸಿಕ್ಕಿಸಿದ ಚೀಟಿ, ಹ್ಯಾಂಡ್‌ಬಿಲ್ಲು ಏನನ್ನೂ ಬಿಡಬೇಡಿ. ಹರಿದ ಹಾಳೆಗೆ ಸೆಲ್ಲೋಟೇಪು ಬೇಡ, ಕೆಲವು ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಶುದ್ಧ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ, ಗೋಡೆಗೆ ತಾಗದಂತೆ ಇಡಿ.

ಟ್ರಂಕು ಅಟ್ಟದಿಂದ ಇಳಿದದ್ದು ಒಳ್ಳೆಯದಾಯಿತು. ಉಂಡೆ ಕೊಬ್ಬರಿಗೆಂದು ಕಾಯಿ ತಿಂಗಳುಗಟ್ಟಲೆ ಒಣಗುವ ಅಟ್ಟ ಕಾಯಿಗೆ ಸರಿ. ಪ್ಲೇಟಿಗೆ, ಟೇಪಿಗೆ, ಕಾಗದಕ್ಕೆ ಸರಿಯಲ್ಲ. ಕಾಯಿಯ ತೇವ ಅಲ್ಲೇ ಸುಳಿಯುತ್ತದೆ, ಏಪ್ರಿಲ್‌ನಲ್ಲಿ ಹೆಂಚಿನ ಕಾವು ಇಳಿಯುತ್ತದೆ, ಇಲಿ ಹೇಗೂ ಬರುತ್ತದೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕದ ಹಾಗೆ ನೆಟ್ಟಗೆ, ಒರಗಿಸದೆ, ಒಂದೊಂದಕ್ಕೂ ಕಾಗದದ ಕವರು ಹಾಕಿ ನಿಲ್ಲಿಸಿ.

ಇನ್ನು ಸ್ಪಿರಿಟ್ಟಿನ ವಿಷಯ. ಕ್ಯಾಸೆಟ್ ಪ್ಲೇಯರಿನ ಹೆಡ್ಡಿಗೆ ಸ್ಪಿರಿಟ್ ಒಳ್ಳೆಯದು, ಹಾಗಾಗಿ ಪ್ಲೇಟಿಗೂ ಒಳ್ಳೆಯದು ಎಂಬ ನಂಬಿಕೆ ಬಹಳ ಕಡೆ ಇದೆ. ನಿಮ್ಮಲ್ಲಿರುವಂಥ 78ರ ಪ್ಲೇಟು (ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು) ಪ್ಲಾಸ್ಟಿಕ್ಕಿನದಲ್ಲ, ಅರಗು ಮತ್ತು ಕಲ್ಲಿನ ನುಣ್ಣನೆ ಪುಡಿ ಸೇರಿಸಿ ಒತ್ತಿದ್ದು. ಬಡಗಿಗಳು ಫ್ರೆಂಚ್ ಪಾಲಿಶ್ ಮಾಡುವಾಗ ಅರಗಿನ ಚಕ್ಕೆಯನ್ನು ಕರಗಿಸುವುದು ಯಾವುದರಲ್ಲಿ? ಸ್ಪಿರಿಟ್ಟಿನಲ್ಲೇ. ನೀವು ಒರೆಸಿದ್ದು ಕೊಳೆಯನ್ನಲ್ಲ, ಗೆರೆಯ ಮೈಯನ್ನೇ. ಆ ಪ್ಲೇಟು ಮತ್ತೆ ಮೊದಲಿನಂತಾಗದು. ಆದರೆ ಪೂರ್ತಿ ಹಾಳಾಗಿದೆ ಎಂದು ಎಸೆಯಲೂ ಬೇಡಿ. ಸರಿಯಾದ ಮುಳ್ಳು ಬಂದ ಮೇಲೆ ಒಮ್ಮೆ ಹಾಕಿ ನೋಡಿ.

ಉಳಿದ 33ನ್ನು ತೊಳೆಯುವುದು ಹೀಗೆ. ಮೊದಲು ಒಣ ಮೃದು ಬ್ರಷ್ಷಿನಿಂದ, ಗೆರೆ ಸುತ್ತುವ ದಿಕ್ಕಿನಲ್ಲೇ ಧೂಳು ತೆಗೆಯಿರಿ. ಬೂಷ್ಟು ಹಿಡಿದಿದ್ದರೆ ಈ ಕೆಲಸ ಹೊರಗಡೆ, ಮಾಸ್ಕ್ ಹಾಕಿಕೊಂಡು. ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ ಬಣ್ಣ, ವಾಸನೆ ಕಡಿಮೆಯಿರುವ ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕೈದು ಹನಿ ಸಾಕು. ಬೋರ್‌ವೆಲ್ ನೀರು ಬೇಡ. ನಮ್ಮ ಕಡೆಯ ಗಡಸು ನೀರು ಒಣಗಿದರೆ ಗೆರೆಯೊಳಗೆ ಬಿಳಿ ಪುಡಿ ಉಳಿಯುತ್ತದೆ, ಅದೇ ಮತ್ತೆ ಗರಗರ. ನೀರು ತಣ್ಣಗಿರಲಿ, ಬಿಸಿಗೆ ಅರಗು ಮೆತ್ತಗಾಗುತ್ತದೆ. ಲೇಬಲ್ ಒದ್ದೆಯಾಗದಂತೆ ಕೈಯಿಂದ ಮರೆಮಾಡಿ, ಒದ್ದೆ ಬ್ರಷ್ಷಿನಲ್ಲಿ ಸುತ್ತಾಡಿಸಿ, ಸೋಪಿಲ್ಲದ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ನೆನೆಹಾಕಬೇಡಿ. ಅಂಚಿನಲ್ಲಿ ಬಿರುಕು ಬಿಟ್ಟದ್ದನ್ನು ತೊಳೆಯಲೇಬೇಡಿ. ನೀರು ಬಿರುಕಿನೊಳಗೆ ಇಳಿದು ಅರಗು ಉಬ್ಬುತ್ತದೆ.

ಗರಗರಕ್ಕೆ ಕಾರಣ ಮುಖ್ಯವಾಗಿ ಮುಳ್ಳು. ನಿಮ್ಮ ಪ್ಲೇಯರಿನಲ್ಲಿ 78 ಎಂದು ಸ್ಪೀಡ್ ಗುಂಡಿ ಇರಬಹುದು, ಆದರೆ ಜೊತೆಗೆ ಬರುವ ಮುಳ್ಳು ಸಾಮಾನ್ಯವಾಗಿ ಎಲ್‌ಪಿಯದು, ಅಂದರೆ ಆಮೇಲೆ ಬಂದ ಪ್ಲಾಸ್ಟಿಕ್ ಪ್ಲೇಟಿನದು. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ 18ರಿಂದ 25 ಮೈಕ್ರಾನ್. 78ರ ಗೆರೆ ಅದಕ್ಕಿಂತ ಬಹಳ ಅಗಲ, ಅದಕ್ಕೆ ಬೇಕಾದದ್ದು ಸುಮಾರು 75 ಮೈಕ್ರಾನಿನ ಮುಳ್ಳು; ಅಂಗಡಿಯವರ ಭಾಷೆಯಲ್ಲಿ ‘3 ಮಿಲ್’. ಸಣ್ಣ ಮುಳ್ಳು ಗೆರೆಯ ಗೋಡೆಗೆ ತಾಗದೆ ತಳದಲ್ಲಿ ಕೊಚ್ಚೆ ಕೆದಕುತ್ತಾ ಹೋಗುತ್ತದೆ. ಹಾಡು ಇರುವುದು ಗೋಡೆಯಲ್ಲಿ, ತಳದಲ್ಲಿ ಇರುವುದು ಎಪ್ಪತ್ತು ವರ್ಷದ ಧೂಳು. ಸೂಟ್‌ಕೇಸ್ ಪ್ಲೇಯರಿಗೆ 3 ಮಿಲ್ ಮುಳ್ಳು ಸಿಕ್ಕರೆ ಸರಿ. ಸಿಗದಿದ್ದರೆ ಮುಳ್ಳು ಬದಲಿಸಲು ಬರುವ, ತೂಕ ಹೊಂದಿಸಲು ಬರುವ ಟರ್ನ್‌ಟೇಬಲ್ಲನ್ನು ಒಂದು ವಾರಕ್ಕೆ ಯಾರಿಂದಲಾದರೂ ಎರವಲು ತರುವುದು ಮೇಲು. ಮುಳ್ಳಿನ ಭಾರ 3ರಿಂದ 5 ಗ್ರಾಂ ನಡುವೆ ಇರಲಿ. ಕಡಿಮೆ ಮಾಡಿದರೆ ಪ್ಲೇಟಿಗೆ ಒಳ್ಳೆಯದು ಎಂದುಕೊಂಡು 2 ಗ್ರಾಮಿಗೆ ಇಳಿಸಿದರೆ ಮುಳ್ಳು ಕುಣಿದು ಗೋಡೆಯನ್ನು ಗೀರುತ್ತದೆ.

ಹಾಗೆಂದು ಕೀ ಕೊಡುವ ಹಳೇ ಗ್ರಾಮಫೋನ್ ಪೆಟ್ಟಿಗೆಯಲ್ಲೇ ಕೇಳಿದರೆ ‘ಅಸಲು’ ಎಂಬ ಮಾತನ್ನು ನಂಬಿ ಅದನ್ನು ಹುಡುಕಬೇಡಿ. ಅದರ ಉಕ್ಕಿನ ಮುಳ್ಳಿನ ಭಾರ 100 ಗ್ರಾಂ ದಾಟುತ್ತದೆ. ಒಂದು ಮುಳ್ಳು ಒಂದೇ ಮಗ್ಗುಲಿಗೆ ಎಂದು ಆಗ ನಿಯಮವಿದ್ದದ್ದು ಸುಮ್ಮನೆ ಅಲ್ಲ, ಪ್ಲೇಟಿನ ಕಲ್ಲುಪುಡಿ ಮುಳ್ಳನ್ನು ಮೂರು ನಿಮಿಷದಲ್ಲಿ ಸವೆಸುತ್ತದೆ. ಸವೆದ ಮುಳ್ಳನ್ನು ಮತ್ತೆ ಹಾಕಿದರೆ ಅದು ಉಳಿ. ಹಿತ್ತಾಳೆ ಕೊಳವೆ ಹೊಳೆಯುವ ‘ಆಂಟಿಕ್’ ಗ್ರಾಮಫೋನುಗಳಲ್ಲಿ ಬಹುಪಾಲು ಈಚೆಗೆ ಬಿಡಿಭಾಗ ಜೋಡಿಸಿದವು. ಹಾಲ್‌ನಲ್ಲಿ ಶೋಗೆ ಇಡಬಹುದು, ಪ್ಲೇಟು ಮಾತ್ರ ಹಾಕಬೇಡಿ.

ಕಂಬಳಿ ಹೊದ್ದ ಧ್ವನಿಗೆ ಕಾರಣ ಬೇರೆ. 1950ರ ದಶಕದ ನಡುವಿನಿಂದ ಎಲ್‌ಪಿಗಳನ್ನು ಆರ್‌ಐಎಎ ಎಂಬ ಒಂದೇ ಅಳತೆಯಲ್ಲಿ ಮುದ್ರಿಸಿದರು. ಮುದ್ರಿಸುವಾಗ ತಾರ ಸ್ವರಗಳನ್ನು ಎತ್ತಿ, ನುಡಿಸುವಾಗ ಅಷ್ಟೇ ಇಳಿಸುವುದು ಆ ಕ್ರಮ. 10,000 ಹರ್ಟ್ಸ್‌ನಲ್ಲಿ ಈ ಇಳಿತ ಸುಮಾರು 14 ಡೆಸಿಬಲ್. ಹಳೆಯ 78ರಲ್ಲಿ ಬಹುಮಟ್ಟಿಗೆ ಎತ್ತಿಯೇ ಇಲ್ಲ. ಇಂದಿನ ಪ್ಲೇಯರು ಮಾತ್ರ ಇಳಿಸುತ್ತಲೇ ಇದೆ. ‘ಸ’ಕಾರ, ತಬಲದ ಚಾಟಿ, ಕ್ಲಾರಿಯೋನೆಟ್ಟಿನ ಅಂಚು ಎಲ್ಲ ಮುಚ್ಚಿಹೋಗುತ್ತದೆ. ಕಂಪ್ಯೂಟರಿಗೆ ಇಳಿಸಿದ ಮೇಲೆ ಈಕ್ವಲೈಸರಿನಲ್ಲಿ (ಮಂದ್ರ, ತಾರ ಧ್ವನಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸೌಲಭ್ಯ) 2,000 ಹರ್ಟ್ಸ್‌ನಿಂದ ಮೇಲಕ್ಕೆ ನಿಧಾನವಾಗಿ ಏರಿಸಿಕೊಳ್ಳಿ. 6,000 ದಾಟಿದ ಮೇಲೆ ಏರಿಸಿದರೆ ಬರುವುದು ಬರೀ ಸುಯ್ ಎನ್ನುವ ಶಬ್ದ, ಹಾಡಲ್ಲ.

ಇನ್ನೊಂದು ಕಡೆಗಣಿಸಿದ ಸಂಗತಿ, ವೇಗ. ‘ಹಳೇ ಕಾಲದವರದು ಕೀಚಲು ಗಂಟಲು’ ಎಂಬ ಮಾತಿನಲ್ಲಿ ಅರ್ಧ ಸತ್ಯ. ಮೈಕ್ ಇಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಮುಟ್ಟಲು ಏರುಶ್ರುತಿಯಲ್ಲೇ ಹಾಡುತ್ತಿದ್ದರು, ನಿಜ. 1925ಕ್ಕೆ ಮೊದಲಿನ ಮುದ್ರಣಗಳಲ್ಲಂತೂ ಹಾಡುಗಾರರು ಒಂದು ಕೊಳವೆಯ ಬಾಯಿಗೆ ಹಾಡಬೇಕಿತ್ತು, ಮಂದ್ರದ ಗಾತ್ರ ಮುದ್ರಣವಾಗುತ್ತಲೇ ಇರಲಿಲ್ಲ. ಆದರೆ ಉಳಿದರ್ಧ ತಪ್ಪು ನಮ್ಮದು. 78 ಎಂಬುದು ಆಮೇಲೆ ಗಟ್ಟಿಯಾದ ಅಂಕಿ, ಮೊದಲಿನ ಪ್ಲೇಟುಗಳನ್ನು ಅದಕ್ಕಿಂತ ನಿಧಾನವಾಗಿಯೂ ಜೋರಾಗಿಯೂ ಮುದ್ರಿಸಿದ್ದಾರೆ. ವೇಗದಲ್ಲಿ ನೂರಕ್ಕೆ 6 ಹೆಚ್ಚಾದರೆ ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಬಿಳಿ ಕೀಯಿಂದ ಪಕ್ಕದ ಕರಿ ಕೀಗೆ ಹೋದಷ್ಟು, ಏರುತ್ತದೆ. ಅಂದರೆ 78ರ ಪ್ಲೇಟು 82–83ರಲ್ಲಿ ತಿರುಗಿದರೆ ಎರಡು ಮನೆಯ ಹಾಡು ಎರಡೂವರೆಗೆ ಹೋಗುತ್ತದೆ, ಲಯವೂ ಓಡುತ್ತದೆ. ಇಲ್ಲಿ ತಾತನ ನೋಟ್‌ಬುಕ್ಕು ಕೆಲಸಕ್ಕೆ ಬರುತ್ತದೆ. ಅವರು ಪ್ಲೇಟು ಕೇಳಿಯೇ ಹಾಡು ಕಲಿಸಿದ್ದರೆ ಶ್ರುತಿ ಬರೆದಿಟ್ಟಿರುವ ಸಾಧ್ಯತೆ ಹೆಚ್ಚು. ಅದೇ ಹಾರ್ಮೋನಿಯಂ ಮನೆಯಲ್ಲಿದ್ದರೆ ಷಡ್ಜ (ಮೊದಲ ಸ್ವರ ‘ಸ’) ಹಿಡಿದು ಹೋಲಿಸಿ ನೋಡಿ. ಆದರೂ ಇದು ಅಂದಾಜೇ. ಕಲಿಸುವಾಗ ಮೇಷ್ಟ್ರು ಹುಡುಗರ ಗಂಟಲಿಗೆ ತಕ್ಕಂತೆ ಶ್ರುತಿ ಇಳಿಸುವುದೂ ಉಂಟು.

ಟರ್ನ್‌ಟೇಬಲ್ಲಿನಲ್ಲಿ 78 ಇಲ್ಲದಿದ್ದರೂ ಗಾಬರಿಯಿಲ್ಲ. 45ರಲ್ಲಿ ತಿರುಗಿಸಿ ರೆಕಾರ್ಡ್ ಮಾಡಿ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ವೇಗ ಬದಲಿಸುವ ಎಫೆಕ್ಟ್ ಇದೆ, ಅದರಲ್ಲಿ 45ರಿಂದ 78ಕ್ಕೆ ಎಂದು ಆರಿಸಿದರೆ 1.733 ಪಟ್ಟು ಆಗುತ್ತದೆ. ಮುಳ್ಳು ಕುಣಿಯುವಂಥ ಸೊಟ್ಟ ಪ್ಲೇಟಿಗೆ ಈ ದಾರಿಯೇ ವಾಸಿ. ಒಂದು ಎಚ್ಚರ: ಈಕ್ವಲೈಸರನ್ನು ವೇಗ ಸರಿಪಡಿಸಿದ ಮೇಲೆ ಹಾಕಿ, ಮೊದಲಲ್ಲ.

ರೆಕಾರ್ಡ್ ಮಾಡುವಾಗ ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ ವೈರು ಚುಚ್ಚುವುದು ಎಲ್ಲರೂ ಮಾಡುವ ತಪ್ಪು. ಅದರಲ್ಲಿರುವುದು ಒಂಟಿ ಮೈಕಿನ ದಾರಿ. ಪ್ಲೇಯರಿನಿಂದ ಬರುವ ಜೋರಾದ ಲೈನ್-ಔಟ್ ಸಂಕೇತ ಅಲ್ಲಿ ಒಡೆದು ಕರಕರ ಎನ್ನುತ್ತದೆ. ಲೈನ್-ಇನ್ ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಪ್ಲೇಟಿಗೆ 96 ಕಿಲೋಹರ್ಟ್ಸ್, 24 ಬಿಟ್. ಕ್ಯಾಸೆಟ್ಟಿಗೆ 48 ಕಿಲೋಹರ್ಟ್ಸ್, 24 ಬಿಟ್. ಜೋರಾದ ಜಾಗದಲ್ಲೂ ಮೀಟರು −6 ಡೆಸಿಬಲ್ ದಾಟದಿರಲಿ. ಪ್ಲೇಟು ಮೊನೋ ಆದರೂ ಎರಡೂ ಚಾನೆಲ್ ಇಳಿಸಿಕೊಳ್ಳಿ. ಸಾಮಾನ್ಯ 78ರಲ್ಲಿ ಹಾಡು ಇರುವುದು ಮುಳ್ಳಿನ ಎಡಬಲ ಅಲುಗಾಟದಲ್ಲಿ. ಆಮೇಲೆ ಎರಡನ್ನೂ ಕೂಡಿಸಿ ಮೊನೋ ಮಾಡಿದರೆ ಮೇಲೆಕೆಳಗೆ ಕುಣಿದ ಗದ್ದಲ ಒಂದಷ್ಟು ತಾನಾಗಿ ವಜಾ ಆಗುತ್ತದೆ. ಒಂದು ಚಾನೆಲ್ಲಿನ ಗೋಡೆ ಹೆಚ್ಚು ಸವೆದಿದ್ದರೆ ಇನ್ನೊಂದನ್ನೇ ಇಟ್ಟುಕೊಳ್ಳಬಹುದು.

ಜಾಗದ ಲೆಕ್ಕ ಹೆದರಿಸುವಂಥದ್ದಲ್ಲ. 34 ಪ್ಲೇಟಿನ 68 ಮಗ್ಗುಲು, ಮೂರು ಮೂರು ನಿಮಿಷದಂತೆ 204 ನಿಮಿಷ. ನಿಮಿಷಕ್ಕೆ ಸುಮಾರು 35 ಎಂಬಿ, ಒಟ್ಟು 7 ಜಿಬಿ. ಕ್ಯಾಸೆಟ್ಟುಗಳೆಲ್ಲ ಸಿ-60 (ಒಂದು ಗಂಟೆಯವು) ಆಗಿದ್ದರೆ 25 ಗಂಟೆ, 26 ಜಿಬಿ. ಎಲ್ಲ ಸೇರಿ 33 ಜಿಬಿ. ಈ ಮೂಲ ಫೈಲುಗಳು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ, ಏನನ್ನೂ ತಿದ್ದದೆ, ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಎರಡು ಬೇರೆ ಮನೆಯಲ್ಲಿ ಇರಲಿ. ಒಂದು ತುಮಕೂರು, ಒಂದು ಊರು. ಪೆನ್‌ಡ್ರೈವ್ ಹಂಚಲಿಕ್ಕೆ ಸರಿ, ಕಾಪಿಡಲಿಕ್ಕಲ್ಲ. ಗದ್ದಲ ತೆಗೆಯುವುದು, ಈಕ್ವಲೈಸರು ಎಲ್ಲ ನಕಲಿನ ಮೇಲೆ ಮಾತ್ರ. ಗದ್ದಲವನ್ನು 6–8 ಡೆಸಿಬಲ್ ಇಳಿಸಿ ನಿಲ್ಲಿ. 20 ಇಳಿಸಿದರೆ ಮೌನ ಸಿಗುತ್ತದೆ, ಹಾರ್ಮೋನಿಯಂ ಮಾತ್ರ ಕೆರೆಯ ತಳದಿಂದ ಕೇಳುತ್ತದೆ. ಸ್ವಲ್ಪ ಗರಗರ ಇರಲಿ ಬಿಡಿ, ಹತ್ತು ನಿಮಿಷದಲ್ಲಿ ಕಿವಿ ಅದನ್ನು ಮರೆಯುತ್ತದೆ.

ಪ್ರತಿ ಪ್ಲೇಟಿನ ಲೇಬಲ್ಲನ್ನೂ ಫೋಟೋ ತೆಗೆದು, ಅದರ ಮೇಲಿನ ನಂಬರನ್ನೇ ಫೈಲಿನ ಹೆಸರಾಗಿ ಇಡಿ. ಹಾಡಿನ ಮೊದಲ ಸಾಲನ್ನು ಹೆಸರಾಗಿ ಇಟ್ಟರೆ ಒಂದೇ ಸಾಲಿನಿಂದ ಶುರುವಾಗುವ ಮೂರು ಹಾಡು ಸಿಕ್ಕಿದ ದಿನ ಪಜೀತಿ. ಲೇಬಲ್ಲಿನಲ್ಲಿ ಸಿನಿಮಾದ ಹೆಸರಿದೆಯೇ ನೋಡಿ. ನಾಟಕ ಕಂಪನಿಯವರೇ ಸಿನಿಮಾ ಮಾಡಿದ ಕಾಲ ಅದು. ‘ಬೇಡರ ಕಣ್ಣಪ್ಪ’ ಮೊದಲು ರಂಗದ ಮೇಲಿತ್ತು, ತೆರೆಗೆ ಬಂದದ್ದು 1954ರಲ್ಲಿ. ಹೆಸರು ಒಂದೇ ಎಂದು ಹಾಡೂ ಒಂದೇ ಅಂದುಕೊಳ್ಳಬಾರದು.

ಕ್ಯಾಸೆಟ್ಟಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಆದರೆ ತುರ್ತು ಇರುವುದು ಅಲ್ಲೇ. ಪ್ಲೇಟು ಒಡೆಯದಿದ್ದರೆ ಇನ್ನೂ ಐವತ್ತು ವರ್ಷ ಇರುತ್ತದೆ, ಟೇಪು ಹಾಗಲ್ಲ. ಅದೂ ಅಲ್ಲದೆ ಮನೆಯ ಕ್ಯಾಸೆಟ್ಟಿನಲ್ಲಿ ತಾತನೇ ತಾಲೀಮು ಮಾಡಿಸುತ್ತಿರುವುದು ಇದ್ದರೂ ಇರಬಹುದು. ಅಂಗಡಿಯ ಕವರಿಲ್ಲದ, ಕೈಯಲ್ಲಿ ಹೆಸರು ಬರೆದ ಕ್ಯಾಸೆಟ್ಟುಗಳಿಂದಲೇ ಶುರುಮಾಡಿ. ಮೇಲಿನ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಮೊದಲು ಮುರಿಯಿರಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಓಡಿಸಿದ ಮೇಲೆ ಪ್ಲೇ ಮಾಡಿ; ವರ್ಷಗಟ್ಟಲೆ ಸುತ್ತಿಕೊಂಡ ಟೇಪು ಬಿಡಿಬಿಡಿಯಾಗುತ್ತದೆ. ಧ್ವನಿ ಬಂದುಹೋಗಿ ಮಾಡಿದರೆ ಒಳಗಿನ ಪುಟ್ಟ ಫೆಲ್ಟ್ ಪ್ಯಾಡ್ ಬಿದ್ದಿದೆ ಎಂದರ್ಥ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಖಾಲಿ ಗೂಡಿಗೆ ಟೇಪನ್ನು ವರ್ಗಾಯಿಸಿ. ತುಂಡಾಗಿದ್ದರೆ ಅದನ್ನು ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪೇ ಆಗಬೇಕು. ವಾಕ್‌ಮನ್ ಆಕಾರದ ಅಗ್ಗದ ಯುಎಸ್‌ಬಿ ಕನ್ವರ್ಟರುಗಳನ್ನು ಕೊಳ್ಳಬೇಡಿ. ಅವುಗಳ ಮೋಟಾರು ಓಲಾಡುತ್ತದೆ, ಹಾರ್ಮೋನಿಯಂನ ನಿಂತ ಸ್ವರ ಅಳುವಂತೆ ಕೇಳುತ್ತದೆ. ಹಳೆಯ ಡೆಕ್ಕಿಗೆ ಹೊಸ ಬೆಲ್ಟು ಹಾಕಿಸಿದರೆ ಅದಕ್ಕಿಂತ ಎಷ್ಟೋ ಪಾಲು ಚೆನ್ನ.

ಈಗ ಪುಸ್ತಕಕ್ಕೆ ಬರೋಣ, ನಿಜವಾದ ಸವಿ ಇರುವುದು ಇಲ್ಲಿ.

ಮಟ್ಟು ಎಂದರೆ ಧಾಟಿಯ ವಿಳಾಸ. 19ನೇ ಶತಮಾನದ ಕೊನೆಯಲ್ಲಿ ಪಾರ್ಸಿ, ಮರಾಠಿ ನಾಟಕ ಮಂಡಳಿಗಳು ನಮ್ಮ ಸೀಮೆಯಲ್ಲಿ ತಿರುಗಿದವು. ಜನರ ಬಾಯಲ್ಲಿ ಅವರ ಧಾಟಿಗಳು ನಿಂತವು. ಮೈಸೂರಿನಲ್ಲಿ, ನಂತರ 1884ರಲ್ಲಿ ಗುಬ್ಬಿಯಲ್ಲಿ, ಕನ್ನಡ ಮಂಡಳಿಗಳು ಹುಟ್ಟಿದಾಗ ಕವಿಗಳು ಎಷ್ಟೋ ಕಡೆ ಆ ಧಾಟಿಗೆ ಕನ್ನಡದ ಮಾತು ಕೂಡಿಸಿದರು. ಪುಸ್ತಕದಲ್ಲಿ ಸ್ವರ ಹಾಕಿ ಅಚ್ಚು ಮಾಡುವುದು ದುಬಾರಿ. ಎಲ್ಲರಿಗೂ ಗೊತ್ತಿರುವ ಹಾಡಿನ ಮೊದಲ ಸಾಲು ಕೊಟ್ಟರೆ ಸಾಕಾಗುತ್ತಿತ್ತು. ಅಂದು ಎಲ್ಲರಿಗೂ ಗೊತ್ತಿದ್ದ ಹಾಡು ಇಂದು ಯಾರಿಗೂ ಗೊತ್ತಿಲ್ಲ, ತೊಡಕು ಅಷ್ಟೇ. ಆ ಮರಾಠಿ ಸಾಲನ್ನು ದೇವನಾಗರಿಯಲ್ಲಿ ಟೈಪ್ ಮಾಡಿ ಯೂಟ್ಯೂಬಿನಲ್ಲಿ ಹುಡುಕಿ. ಮರಾಠಿ ನಾಟ್ಯಸಂಗೀತವನ್ನು ಇಂದಿಗೂ ಹಾಡುತ್ತಾರೆ, ಮೂಲ ಸಿಕ್ಕರೆ ನಿಮ್ಮ ಕನ್ನಡದ ಹಾಡನ್ನು ಅದರ ಮೇಲೆ ಇಟ್ಟು ಗುನುಗಿ ನೋಡಿ. ಅಕ್ಷರ ಲಯಕ್ಕೆ ಕೂತರೆ ಬಾಗಿಲು ತೆರೆಯಿತು. ಪಾರ್ಸಿ ಧಾಟಿಗಳು ಸಿಗುವುದು ಕಷ್ಟ, ಅಲ್ಲಿ ಪ್ಲೇಟು ಅಥವಾ ಮೇಷ್ಟ್ರ ಸ್ವರವೇ ಗತಿ.

ರಾಗದ ಹೆಸರು ನೋಡಿ ಮೋಸಹೋಗಬೇಡಿ. ಪುಸ್ತಕದಲ್ಲಿ ‘ಭೈರವಿ’ ಎಂದಿದ್ದರೆ ಅದು ಕರ್ನಾಟಕ ಸಂಗೀತದ್ದೋ ಹಿಂದೂಸ್ತಾನಿಯದೋ? ಎರಡೂ ಬೇರೆ. ಹಿಂದೂಸ್ತಾನಿ ಭೈರವಿಯ ಸ್ವರಗಳು ನಮ್ಮ ತೋಡಿಯವು. ಹಿಂದೂಸ್ತಾನಿ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ಪಕ್ಕದಲ್ಲಿ ತಾಳ ದಾದ್ರಾ, ಕೇರವ ಎಂದಿದ್ದರೆ ಉತ್ತರದ ಕಡೆಗೆ ವಾಲಿ. ಆದಿ, ರೂಪಕ, ಛಾಪು ಎಂದಿದ್ದರೆ ದಕ್ಷಿಣಕ್ಕೆ. ಯೂಟ್ಯೂಬಿನಲ್ಲಿ ನಿಮಗೆ ಬೇರೆ ರಾಗ ಕೇಳಿಸಿದ್ದಕ್ಕೆ ಒಂದು ಕಾರಣ ಈ ಗೊಂದಲವೇ. ಇನ್ನೊಂದು, ‘ರಂಗಗೀತೆ’ ಎಂಬ ಒಂದೇ ಚೀಟಿಯ ಕೆಳಗೆ ಅಲ್ಲಿ ಮೂರು ತಲೆಮಾರು ಕಲಸಿಹೋಗಿದೆ. 78ರಿಂದ ಇಳಿಸಿದವು ಮೊದಲನೆಯವು. ಮೂರು ಚಿಲ್ಲರೆ ನಿಮಿಷಕ್ಕೆ ಮುಗಿಯುತ್ತವೆ, ಕೊನೆಯ ಚರಣ ಅವಸರದಲ್ಲಿ ಓಡುತ್ತದೆ, ಏಕೆಂದರೆ ಗೆರೆ ಮುಗಿಯುತ್ತಿತ್ತು. ನಾಟಕ ಕಂಪನಿಯ ನೆನಪಿನಿಂದ ಕಲಾವಿದರು ಆಮೇಲೆ ಹಾಡಿದವು ಎರಡನೆಯವು. ಗುಬ್ಬಿ ನಾಟಕ ಕಂಪನಿ ನಡೆಸಿದ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಹಾಡುವ ಕಂಪನಿ ಹಾಡುಗಳು ಈ ಸಾಲಿನವು. ಬಿ.ವಿ. ಕಾರಂತರಿಂದ ಶುರುವಾದ ಆಧುನಿಕ ರಂಗಸಂಗೀತ ಮೂರನೆಯದು. ಅವರು ಹುಡುಗನಾಗಿದ್ದಾಗ ಗುಬ್ಬಿ ಕಂಪನಿಯಲ್ಲಿದ್ದವರೇ, ಆದರೆ ಕಟ್ಟಿದ ಸಂಗೀತದ ದಾರಿ ಬೇರೆ. ಅಭಿಮಾನದಲ್ಲಿ ಮೂರಕ್ಕೂ ಸಮಾನ ಪಾಲು ಕೊಡಿ, ಹೋಲಿಸುವಾಗ ಬೆರೆಸಬೇಡಿ.

ಪುಸ್ತಕ ಓದುವಾಗ ಕಂದ, ವೃತ್ತ, ಸೀಸ ಬಂದ ಕೂಡಲೇ ‘ಇದು ಪದ್ಯ’ ಎಂದು ಕಣ್ಣು ದಾಟಿಸುತ್ತೀರಿ ಎಂದು ನನ್ನ ಊಹೆ. ಅವು ಹಾಡುಗಳೇ. ತಾಳವಿಲ್ಲದೆ, ರಾಗದಲ್ಲಿ ಬಿಡಿಸಿ ಹೇಳುವಂಥವು. ಕಂದದ ಒಂದು, ಮೂರನೇ ಸಾಲು 12 ಮಾತ್ರೆ, ಎರಡು, ನಾಲ್ಕನೆಯದು 20 ಮಾತ್ರೆ. ಓದಿದರೆ ಹದಿನೈದು ಸೆಕೆಂಡು. ರಂಗದ ಮೇಲೆ ಒಬ್ಬ ದುರ್ಯೋಧನ ಅದನ್ನೇ ಮೂರು ನಿಮಿಷ ಹೇಳಿ ಮೇಲೊಂದು ‘ಒನ್ಸ್ ಮೋರ್’ ಗಿಟ್ಟಿಸುತ್ತಾನೆ. ಪ್ಲೇಟಿನ ಕಂಪನಿಗಳು ಹೆಚ್ಚಾಗಿ ಮುದ್ರಿಸಿದ್ದು ತಾಳಕ್ಕೆ ಕುಣಿಯುವ ಹಾಡುಗಳನ್ನು. ಕಂದ ಹೇಳುವ ಕ್ರಮ ನಿಮ್ಮ ಪ್ಲೇಟುಗಳಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ.

ಕೇಳುವ ಕ್ರಮ ಇಷ್ಟೇ. ಪ್ಲೇಟಿನ ಹಾಡು ಯಾವ ಅಂಕದ ಯಾವ ದೃಶ್ಯದ್ದು ಎಂದು ಪುಸ್ತಕದಲ್ಲಿ ಹುಡುಕಿ, ಹಿಂದಿನ ಎರಡು ಪುಟದ ಮಾತನ್ನು ಜೋರಾಗಿ ಓದಿ, ಆಮೇಲೆ ಹಾಡು ಹಾಕಿ. ಯಾವ ಚರಣ ಪುಸ್ತಕದಲ್ಲಿದ್ದು ಪ್ಲೇಟಿನಲ್ಲಿಲ್ಲ ಎಂದು ಅಂಚಿನಲ್ಲಿ ಅಲ್ಲ, ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮಲ್ಲಿ ‘ಸದಾರಮೆ’ ಇದ್ದರೆ ಅಲ್ಲಿಂದಲೇ ಆರಂಭಿಸಿ. ಗುಬ್ಬಿ ಕಂಪನಿಗೆ ಅದನ್ನು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ತುಮಕೂರು ತಾಲ್ಲೂಕಿನವರೇ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೂ ಮಾತು, ಹಾಡು ಅವರದೇ. ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಗಿತ್ತು. ಆ ಪಾತ್ರದ ಮಾತನ್ನು ಗಟ್ಟಿಯಾಗಿ ಓದಿದರೆ ಲಯ ತಾನಾಗಿ ನಾಲಿಗೆಗೆ ಬರುತ್ತದೆ. ನಿಮ್ಮಲ್ಲಿಲ್ಲದ ಪುಸ್ತಕಗಳಿಗೆ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನುಗಳಿವೆ. ಅಲ್ಲಿ ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಬಂದಂತೆ ಕಾಗುಣಿತ ಮಾಡಿದ್ದಾರೆ. ದೀರ್ಘಕ್ಕೆ ಒಂದು ‘ಎ’, ಎರಡು ‘ಎ’ ಎರಡನ್ನೂ ಹಾಕಿ ನೋಡಬೇಕು. ಕನ್ನಡದಲ್ಲೇ ಹುಡುಕಲು ಪುಸ್ತಕ ಸಂಚಯ ಎಂಬ ತಾಣವಿದೆ. ಕಂಪನಿ ಬದುಕಿನ ಒಳಗನ್ನು ತಿಳಿಯಲು ವೀರಣ್ಣನವರ ಆತ್ಮಕಥೆ ‘ಕಲೆಯೇ ಕಾಯಕ’ ಓದಿ.

ಇಳಿಸಿದ ಹಾಡನ್ನು ಯೂಟ್ಯೂಬಿಗೆ ಹಾಕಬಹುದೇ ಎಂಬ ಪ್ರಶ್ನೆ ನೀವು ಕೇಳಿಲ್ಲ, ಆದರೆ ಕೇಳುವ ದಿನ ಬರುತ್ತದೆ. ಸ್ವಂತಕ್ಕೆ, ಅಧ್ಯಯನಕ್ಕೆ ಇಳಿಸಿಕೊಳ್ಳಲು ಅಡ್ಡಿಯಿಲ್ಲ. ಸಾರ್ವಜನಿಕವಾಗಿ ಹಾಕುವಾಗ ಎರಡು ಹಕ್ಕು ಬೇರೆ ಬೇರೆ ನೋಡಬೇಕು. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ಜನವರಿಯಿಂದ 60 ವರ್ಷ, ಹಾಡಿನ ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ. 1955ರ ಪ್ಲೇಟಿನ ಮುದ್ರಣದ ಹಕ್ಕು 2015ರ ಕೊನೆಗೆ ಮುಗಿಯಿತು. ಆದರೆ ಕವಿ 1970ರಲ್ಲಿ ತೀರಿಕೊಂಡಿದ್ದರೆ ಸಾಹಿತ್ಯದ ಹಕ್ಕು 2030ರ ಕೊನೆಯವರೆಗೆ ಅವರ ವಾರಸುದಾರರದು. ತಾತ ತಾವೇ ಬರೆದ ಹಾಡುಗಳ ಹಕ್ಕು ನಿಮ್ಮ ಮನೆಯದು. ನೋಟ್‌ಬುಕ್ಕನ್ನು ಬಿಟ್ಟುಕೊಡಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ.

ಇನ್ನು ಹಿರಿಯರ ಮಾತು. ಅವರು ಹೇಳಿದ್ದು ಸರಿ. ನಮ್ಮ ಜಿಲ್ಲೆಯಲ್ಲಿ ಸುಗ್ಗಿ ಮುಗಿದ ಮೇಲೆ ಇಂದಿಗೂ ‘ಕುರುಕ್ಷೇತ್ರ’ ಬೆಳಗಿನ ಜಾವದವರೆಗೆ ನಡೆಯುತ್ತದೆ, ಸೀನರಿ ಲಾರಿ ಊರಿಂದೂರಿಗೆ ಓಡುತ್ತದೆ. ಹೋಗಿ ನೋಡಿ. ಹಾರ್ಮೋನಿಯಂ ಮೇಷ್ಟ್ರ ಕೈ ಕಾಣುವ ಮಗ್ಗುಲಲ್ಲಿ ಕೂರಿ. ಆದರೆ ‘ಫೋನಲ್ಲಿ ಕೇಳೋದಲ್ಲ’ ಎಂದವರನ್ನೇ ಫೋನಿಗೆ ಹಾಡಿಸುವುದು ನಿಮ್ಮ ಮುಂದಿನ ಕೆಲಸ. ತಾತನ ಕೈಯಲ್ಲಿ ಪಾತ್ರ ಕಲಿತವರು ಊರಲ್ಲಿ ಒಬ್ಬಿಬ್ಬರಾದರೂ ಇರುತ್ತಾರೆ. ಬೆಳಗ್ಗೆ ಹೋಗಿ, ಸಂಜೆಗೆ ಗಂಟಲು ದಣಿದಿರುತ್ತದೆ. ಫ್ಯಾನು ಆರಿಸಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಎರಡಡಿ ದೂರದಲ್ಲಿ ಎದೆಯ ಮಟ್ಟಕ್ಕೆ ಮಡಿಸಿದ ಟವೆಲ್ಲಿನ ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಬೆರಳು ತಟ್ಟಿದ್ದೆಲ್ಲ ಗುಡುಗುತ್ತದೆ. ಎಂಪಿ3 ಬೇಡ, ವೇವ್‌ನಲ್ಲಿ ರೆಕಾರ್ಡ್ ಆಗುವ ಆ್ಯಪ್ ಇರಲಿ.

‘ಒಂದು ಹಾಡು ಹೇಳಿ ತಾತ’ ಎಂದು ಕೇಳಬೇಡಿ. ‘ಎಲ್ಲ ಮರೆತೋಯ್ತು ಕಣಪ್ಪ’ ಎನ್ನುತ್ತಾರೆ, ಅದು ನಿಜವೂ ಹೌದು. ನಾಟಕದವರಿಗೆ ಹಾಡು ನೆನಪಿರುವುದು ಹಾಡಾಗಿ ಅಲ್ಲ, ಎದುರು ಪಾತ್ರದ ಕೊನೆಯ ಮಾತಿನ ಹಿಂದೆ. ನೋಟ್‌ಬುಕ್ಕಿನಲ್ಲಿ ಆ ಮಾತು ಬರೆದಿರುತ್ತದೆ. ಅದನ್ನು ನೀವು ಓದಿ, ಎದುರಿಗೆ ನಿಂತವನ ಹಾಗೆ ಸ್ವಲ್ಪ ಗತ್ತಿನಿಂದಲೇ ಓದಿ, ಆಮೇಲೆ ಸುಮ್ಮನಿರಿ. ಎರಡು ನಿಮಿಷ ಏನೂ ಬಾರದಿದ್ದರೂ ರೆಕಾರ್ಡಿಂಗ್ ನಿಲ್ಲಿಸಬೇಡಿ.